ಮಕ್ಕಳ ಕವಿಯ ದಿನದ ದುಡಿಮೆ

(ಅಂತಿಮ ಬಿ.ಎ. ವಿದ್ಯಾರ್ಥಿ, ಸಿಂಗಟಗೆರೆ)

ಕವಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಒಂದು ಬಗೆಯದು. ಬೆಟ್ಟ, ಹೊಳೆ, ಬೆಳುದಿಂಗಳುಗಳ ನಡುವೆ ಏಕಾಂತದಲ್ಲಿ ಕುಳಿತು, ಸ್ಫೂರ್ತಿ ಬಂದಾಗ ಬರೆಯುವವನು ಕವಿ ಎಂದು ಬಹುಮಂದಿ ತಿಳಿದಿದ್ದಾರೆ. ಮಕ್ಕಳ ಕವಿಗೆ ಈ ಗೌರವವೂ ಇಲ್ಲ. ದೊಡ್ಡವರಿಗಾಗಿ ಬರೆದು ದಣಿದಾಗ, ಬಿಡುವಿನ ಹೊತ್ತಿನಲ್ಲಿ ನಾಲ್ಕು ಪ್ರಾಸ ಕೂಡಿಸಿದರೆ ಶಿಶುಗೀತೆ ಆಯಿತು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ನಾವು ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಓದುತ್ತೇವೆ. ಆದರೆ ಅವರ ಬಾಗಿಲವರೆಗೆ ನಮ್ಮನ್ನು ಕೈಹಿಡಿದು ನಡೆಸಿಕೊಂಡು ಬಂದವರು ಯಾರೆಂದು ಕೇಳುವುದಿಲ್ಲ. ಮಕ್ಕಳ ಕವಿಯ ಹೊಟ್ಟೆಪಾಡು ಹೇಗೆ, ಅವನ ಕೆಲಸದ ಹದವೇನು, ಒಂದು ಪುಟ್ಟ ಪದ್ಯದ ಹಿಂದೆ ಎಷ್ಟು ದುಡಿಮೆ ಇದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೊಟ್ಟೆಪಾಡಿನ ಮಾತು. ಮಕ್ಕಳ ಪದ್ಯಗಳನ್ನೇ ನಂಬಿ ಸಂಸಾರ ತೂಗಿಸುವುದು ಕನ್ನಡದಲ್ಲಿ ಸುಲಭವಾಗಿರಲಿಲ್ಲ, ಇಂದಿಗೂ ಸುಲಭವಲ್ಲ. ಆದ್ದರಿಂದ ನಮ್ಮ ಹೆಸರಾಂತ ಮಕ್ಕಳ ಕವಿಗಳೆಲ್ಲ ಬೇರೊಂದು ಕೆಲಸ ಮಾಡಿಕೊಂಡೇ ಬರೆದವರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲೆಗಳ ಇನ್‌ಸ್ಪೆಕ್ಟರಾಗಿ ದುಡಿದರು. ಸಿದ್ಧಯ್ಯ ಪುರಾಣಿಕರು ಸರ್ಕಾರದ ಉನ್ನತ ಅಧಿಕಾರಿಗಳಾಗಿದ್ದರು. ಹಗಲು ಕಡತಗಳನ್ನು ನೋಡಿದ ಕೈಯೇ ಮಕ್ಕಳ ಹಾಡನ್ನೂ ಬರೆಯಿತು. ನಮ್ಮ ನೆರೆಯ ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯಲ್ಲಿ 1944ರಲ್ಲಿ ಹುಟ್ಟಿ, 2025ರಲ್ಲಿ ತೀರಿಕೊಂಡ ಎಚ್.ಎಸ್. ವೆಂಕಟೇಶಮೂರ್ತಿಯವರು ಮಲ್ಲಾಡಿಹಳ್ಳಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದು, ಅನಂತರ ಬೆಂಗಳೂರಿನಲ್ಲಿ ಕಾಲೇಜು ಅಧ್ಯಾಪಕರಾದರು. 1993ರ ‘ಚಿನ್ನಾರಿಮುತ್ತ’ ಚಿತ್ರದ ಹಾಡುಗಳು ಅವರವು. ನಮ್ಮ ಸೀಮೆಯಂಥದೇ ಸೀಮೆಯ ಹಳ್ಳಿಯೊಂದರಿಂದ ಹೊರಟ ಮಾತು ನಾಡಿನ ಮಕ್ಕಳ ನಾಲಗೆಯ ಮೇಲೆ ನಿಂತಿತೆಂಬುದು ನಮಗೆ ಅಭಿಮಾನದ ವಿಷಯ.

ಹೊಟ್ಟೆಪಾಡಿನ ಕೆಲಸ ಕವಿತೆಗೆ ಅಡ್ಡಿಯಾಗುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಮಕ್ಕಳ ಕವಿಯ ಮಟ್ಟಿಗೆ ಅದು ಅಡ್ಡಿಯಲ್ಲ, ಆಧಾರ. ಜಿ.ಪಿ. ರಾಜರತ್ನಂ ಅವರ ಜೀವನವೇ ಇದಕ್ಕೆ ನಿದರ್ಶನ. 1909ರಲ್ಲಿ ಹುಟ್ಟಿದ ಅವರು ಕನ್ನಡದಲ್ಲಿ ಎಂ.ಎ. ಮಾಡಿದ ಮೇಲೂ ಕೆಲಸಕ್ಕಾಗಿ ಅಲೆಯಬೇಕಾಯಿತು. ಕೆಲವು ಕಾಲ ಪುಟ್ಟ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯರಾದರು. ಎಂ.ಎ. ಓದಿದವನಿಗೆ ಶಿಶುಗಳ ತರಗತಿಯೆಂದರೆ ಇಳಿಕೆಯೆಂದು ಲೋಕ ಭಾವಿಸೀತು. ಆದರೆ ಆ ತರಗತಿಯೇ ಅವರನ್ನು ಮಕ್ಕಳ ಕವಿಯನ್ನಾಗಿ ಮಾಡಿತು. ಎದುರಿಗೆ ಕುಳಿತ ಮಕ್ಕಳಿಗೆ ಬಾಯಿತುಂಬ ಹಾಡಲು ಹಾಡು ಬೇಕಾಗಿತ್ತು, ಉಪಾಧ್ಯಾಯರು ಬರೆದುಕೊಟ್ಟರು. ‘ತುತ್ತೂರಿ’, ‘ಕಡಲೆಪುರಿ’ಯಂಥ ಸಂಕಲನಗಳ ಹಿಂದೆ ಇರುವುದು ಈ ದಿನನಿತ್ಯದ ಅಗತ್ಯ. ಅದೇ ರಾಜರತ್ನಂ ‘ರತ್ನನ ಪದಗಳು’ ಬರೆದು ಬೀದಿಯ ಆಡುಮಾತನ್ನು ಕಾವ್ಯವಾಗಿಸಿದರು, ಪಾಲಿಯಿಂದ ಬೌದ್ಧ ಗ್ರಂಥಗಳನ್ನು ಕನ್ನಡಕ್ಕೆ ತಂದರು, ಕಾಲೇಜಿನಲ್ಲಿ ವಿದ್ಯಾರ್ಥಿಗಳಿಂದ ಬರೆಯಿಸಿದರು, 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪಂಡಿತರ ಮಾತು, ಬೀದಿಯ ಮಾತು, ಮಗುವಿನ ಮಾತು ಮೂರನ್ನೂ ಕಿವಿಗೊಟ್ಟು ಕೇಳಬಲ್ಲವರು ವಿರಳ. ಮಕ್ಕಳ ಕವಿಯ ಮೊದಲ ಕೆಲಸ ಬರೆಯುವುದಲ್ಲ, ಕೇಳುವುದು.

ಇನ್ನು ಕಟ್ಟುವ ಕೆಲಸ. ಕನ್ನಡ ಛಂದಸ್ಸಿನಲ್ಲಿ ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಎಂದು ನಾವು ಓದಿದ್ದೇವೆ. ‘ಗಿಳಿ’ ಎಂದರೆ ಎರಡು ಮಾತ್ರೆ. ‘ಆನೆ’, ‘ಅಕ್ಕ’ ಎಂದರೆ ಮೂರು. ಮಗುವಿಗೆ ಈ ಲೆಕ್ಕ ತಿಳಿಯದು. ಆದರೆ ಲಯ ತಪ್ಪಿದರೆ ಅದರ ಕಾಲು ಕುಣಿಯುವುದನ್ನು ನಿಲ್ಲಿಸುತ್ತದೆ. ದೊಡ್ಡವರ ಕಾವ್ಯದಲ್ಲಿ ಲಯದ ಕೊರತೆಯನ್ನು ಅರ್ಥ ತುಂಬಿಕೊಡಬಹುದು. ಮಕ್ಕಳ ಪದ್ಯದಲ್ಲಿ ಆ ರಿಯಾಯಿತಿ ಇಲ್ಲ.

ಇಲ್ಲಿ ಕವಿಗೆ ಕನ್ನಡ ನುಡಿಯೇ ದೊಡ್ಡ ಸಹಾಯ ಮಾಡುತ್ತದೆ. ಗಿರಗಿರ, ಚಟಪಟ, ದಬದಬ, ಗಲಗಲ ಮೊದಲಾದ ಅನುಕರಣ ಶಬ್ದಗಳನ್ನು ನೋಡಿರಿ. ಒಂದೊಂದೂ ಸರಿಯಾಗಿ ನಾಲ್ಕು ಮಾತ್ರೆ. ಇಟ್ಟಿಗೆಯಂತೆ ಅಚ್ಚಿನಿಂದ ಹೊರಬಂದು, ಗೋಡೆಗೆ ಇಡಲು ಸಿದ್ಧವಾಗಿರುವ ಮಾತುಗಳು ಇವು. ಕಣದಲ್ಲಿ ರಾಗಿ ಬಡಿಯುವ ಸದ್ದು, ತೆಂಗಿನ ಗರಿ ಗಾಳಿಗೆ ಆಡುವ ಸದ್ದು ಕೇಳಿ ಬೆಳೆದ ನಮ್ಮ ಬಯಲುಸೀಮೆಯ ಮಗುವಿಗೆ ಇವುಗಳ ಅರ್ಥ ಹೇಳಿಕೊಡಬೇಕಾಗಿಲ್ಲ. ಹಳೆಯ ಕಾವ್ಯದಲ್ಲಿ ಪಾದದ ಎರಡನೆಯ ಅಕ್ಷರದಲ್ಲಿ ಬರುತ್ತಿದ್ದ ಪ್ರಾಸ, ಮಕ್ಕಳ ಹಾಡಿನಲ್ಲಿ ಬಹುಮಟ್ಟಿಗೆ ಸಾಲಿನ ಕೊನೆಗೆ ಸರಿದಿದೆ. ಇದು ಬರಿಯ ಅಲಂಕಾರವಲ್ಲ. ಒಂದು ಸಾಲಿನ ಕೊನೆ ಮುಂದಿನ ಸಾಲಿನ ಕೊನೆಯನ್ನು ನೆನಪಿಗೆ ತರುತ್ತದೆ. ಪುಸ್ತಕವಿಲ್ಲದ ಮನೆಯಲ್ಲಿ ಪ್ರಾಸವೇ ಪುಸ್ತಕ.

ಮಾತಿನ ಆಯ್ಕೆ ಇನ್ನೂ ಕಠಿಣ. ಆಗತಾನೆ ಅಕ್ಷರ ಕಲಿತ ಮಗುವಿಗೆ ಒತ್ತಕ್ಷರಗಳು ಎಡವುಗಲ್ಲು. ಕವಿ ಅವನ್ನು ಆದಷ್ಟು ದೂರವಿಡಬೇಕು. ಆದರೂ ಮಾತು ಕೃತಕವಾಗಬಾರದು. ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇರುವ ಅಂತರ ಮತ್ತೊಂದು ತೊಡಕು. ಪಂಜೆಯವರ ಮನೆಮಾತು ಕೊಂಕಣಿ. ಸುತ್ತ ಆಡುತ್ತಿದ್ದುದು ತುಳು. ಕೆಲಸದ ಮೇಲೆ ಹೋದ ಕೊಡಗಿನಲ್ಲಿ ಕೊಡವ ಮಾತು. ಶಾಲೆಯಲ್ಲಿಯೇ ಮೊದಲು ಕನ್ನಡವನ್ನು ಎದುರುಗೊಳ್ಳುವ ಮಕ್ಕಳಿಗೆ ಕನ್ನಡ ಸಿಹಿಯಾಗುವಂತೆ ಅವರು ಬರೆದರು. ‘ಕವಿಶಿಷ್ಯ’ ಎಂದು ಹೆಸರಿಟ್ಟುಕೊಂಡ ಆ ವಿನಯಶಾಲಿಯನ್ನು ನಾಡು 1934ರ ರಾಯಚೂರು ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿತು. ಸಿಂಗಟಗೆರೆಯ ಮಗು ಮನೆಯಲ್ಲಿ ಕನ್ನಡವನ್ನೇ ಆಡಿದರೂ ‘ಓಯ್ತೀನಿ, ಬತ್ತೀನಿ’ ಎನ್ನುತ್ತದೆ. ಪುಸ್ತಕ ‘ಹೋಗುತ್ತೇನೆ, ಬರುತ್ತೇನೆ’ ಎನ್ನುತ್ತದೆ. ನಗದೆ, ಗದರದೆ, ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಾಲುಸಂಕ ಹಾಡು.

ಬರೆದದ್ದಾಯಿತು, ಕೆಲಸ ಮುಗಿಯಲಿಲ್ಲ. ಅದನ್ನು ಮಕ್ಕಳ ಮುಂದೆ ಹಾಡಿ ನೋಡಬೇಕು. ಎರಡನೆಯ ಸಲಕ್ಕೆ ಮಕ್ಕಳು ದನಿ ಸೇರಿಸಿದರೆ ಪದ್ಯ ಗೆದ್ದಿತು. ಕಿಟಕಿಯ ಕಡೆ ನೋಡಿದರೆ ಸೋತಿತು. ಮಗು ಮುಖಸ್ತುತಿ ಮಾಡುವ ವಿಮರ್ಶಕನಲ್ಲ. ಆಮೇಲೆ ದಪ್ಪ ಅಕ್ಷರ, ಚಿತ್ರ, ಅಚ್ಚಿನ ಖರ್ಚು, ಇಷ್ಟಾಗಿಯೂ ಬಡವರು ಕೊಳ್ಳಬಹುದಾದ ಬೆಲೆ! ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದರೆಂದರೆ, ಮಕ್ಕಳಿಗಾಗಿ ಮಾಡುವ ಕೆಲಸ ಅವರಿಗೆ ಬಿಡುವಿನ ಆಟವಾಗಿರಲಿಲ್ಲವೆಂಬುದು ಸ್ಪಷ್ಟ. ಕೇಂದ್ರ ಸಾಹಿತ್ಯ ಅಕಾಡೆಮಿ ಮಕ್ಕಳ ಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರ ಕೊಡಲು ತೊಡಗಿದ್ದು 2010ರಲ್ಲಿ. ಆ ವರ್ಷ ಕನ್ನಡಕ್ಕೆ ಅದು ಬೊಳುವಾರು ಮಹಮದ್ ಕುಂಞಿಯವರ ಮೂಲಕ ಬಂದಿತು. 2013ರಲ್ಲಿ ವೆಂಕಟೇಶಮೂರ್ತಿಯವರಿಗೆ ಸಂದಿತು. ಮನ್ನಣೆ ತಡವಾಗಿಯಾದರೂ ದೊರೆತದ್ದು ಸಂತೋಷವೇ.

ಈ ವಿಷಯವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರಿಲ್ಲ. ಅಂಥ ಮನೆಗೆ ಮೊಟ್ಟಮೊದಲು ಬಂದ ಪುಸ್ತಕ ಒಂದನೆಯ ತರಗತಿಯ ಪಠ್ಯ. ಮೊದಲ ಕವಿ ಮಕ್ಕಳ ಕವಿ. ನಾನು ಗಟ್ಟಿಯಾಗಿ ಹೇಳುತ್ತಿದ್ದ ಪದ್ಯವನ್ನು ಓದುಬಾರದ ಅವ್ವ ರೊಟ್ಟಿ ತಟ್ಟುತ್ತ ಕಲಿತುಬಿಟ್ಟಿದ್ದಳು. ನಾನು ಸಾಲು ಮರೆತರೆ ಒಲೆಯ ಮುಂದಿನಿಂದಲೇ ಎತ್ತಿಕೊಡುತ್ತಿದ್ದಳು. ಒಂದು ಪುಟ್ಟ ಪದ್ಯ ಎರಡು ತಲೆಮಾರನ್ನು ಒಟ್ಟಿಗೆ ಶಾಲೆಗೆ ಸೇರಿಸಬಲ್ಲದು. ಓದಿದವರ ಮನೆಯ ಮಗುವಿಗೆ ನೂರು ಪುಸ್ತಕಗಳಲ್ಲಿ ಇದೂ ಒಂದು. ನಮ್ಮಂಥವರಿಗೆ ಇದೇ ಬಾಗಿಲು.

ಇಂದು ಆ ಬಾಗಿಲು ಕಿರಿದಾಗುತ್ತಿದೆಯೆಂಬ ಅಳುಕು ನನಗುಂಟು. ಬೆಳಗಾದರೆ ಹಳ್ಳಿಯ ಮಕ್ಕಳು ಟೈ ಕಟ್ಟಿಕೊಂಡು ವ್ಯಾನು ಹತ್ತುತ್ತವೆ. ಕಾಣದ ಊರಿನ ಮಳೆಯನ್ನೂ ಹಿಮವನ್ನೂ ಕುರಿತು ಇಂಗ್ಲಿಷಿನಲ್ಲಿ ಹಾಡುತ್ತವೆ. ಇಂಗ್ಲಿಷು ಬೇಕು; ಅದನ್ನು ಬೇಡವೆನ್ನುವ ಹಕ್ಕು ಕಷ್ಟಪಟ್ಟು ಫೀಜು ಕಟ್ಟುವ ತಂದೆತಾಯಿಗಳ ಮುಂದೆ ನಮಗಿಲ್ಲ. ಆದರೆ ಆ ಹಾಡನ್ನು ಒಲೆಯ ಮುಂದೆ ಕುಳಿತ ಅವ್ವ ಎತ್ತಿಕೊಡಲಾರಳು. ಮಗು ಕಲಿಯುತ್ತದೆ, ಮನೆ ಹೊರಗುಳಿಯುತ್ತದೆ. ಇದೇ ನಷ್ಟ.

ನಮ್ಮಲ್ಲಿ ಹಲವರು ನಾಳೆ ಉಪಾಧ್ಯಾಯರಾಗುವವರು. ಎಲ್ಲರೂ ಪಂಜೆ, ರಾಜರತ್ನಂ ಆಗಲಾರೆವು. ಆದರೆ ನಮ್ಮ ನಮ್ಮ ಊರಿನ ಅಜ್ಜಿಯರ ಬಾಯಲ್ಲಿರುವ ಮಕ್ಕಳ ಹಾಡುಗಳನ್ನು ಈ ಬೇಸಿಗೆಯ ರಜೆಯಲ್ಲಿ ಬರೆದುಕೊಳ್ಳಬಹುದು. ಮುಂದಿನ ವರ್ಷದ ಸಂಚಿಕೆಯಲ್ಲಿ ಅವುಗಳಿಗಾಗಿ ನಾಲ್ಕು ಪುಟ ಕೊಡುವಂತೆ ಸಂಪಾದಕ ಮಂಡಲಿಯನ್ನು ಕೇಳಬಹುದು. ಸಿಂಗಟಗೆರೆ ಹೋಬಳಿಯ ಹಾಡುಗಳನ್ನು ಕೂಡಿಹಾಕುವ ಕೆಲಸವನ್ನು ನಾನು ಒಪ್ಪಿಕೊಳ್ಳುತ್ತೇನೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮಿತ್ರರು ತಮ್ಮ ತಮ್ಮ ಪಾಲನ್ನು ವಹಿಸಿಕೊಳ್ಳಬೇಕೆಂದು ಪ್ರಾರ್ಥನೆ.