ಗಣಕಯಂತ್ರದಲ್ಲಿ ವಾಯುಮಂಡಲ

ವಸ್ತುವಿನ ಸ್ವಭಾವವನ್ನು ಅರಿಯಲು ವಿಜ್ಞಾನಿಗೆ ಬಹುಕಾಲದಿಂದ ಎರಡು ಮಾರ್ಗಗಳಿದ್ದವು. ಒಂದು ತರ್ಕ, ಮತ್ತೊಂದು ಪ್ರಯೋಗ. ನಿಯಮವನ್ನು ಗ್ರಹಿಸಿ ಅದರಿಂದ ಹೊರಡುವ ಫಲವನ್ನು ಗಣಿಸುವುದು ಮೊದಲನೆಯದು. ವಸ್ತುವನ್ನೇ ಕೈಗೆತ್ತಿಕೊಂಡು ಪರೀಕ್ಷಿಸುವುದು ಎರಡನೆಯದು. ಈ ಎರಡಕ್ಕೂ ಸುಲಭವಾಗಿ ಒಗ್ಗದ ವಿಷಯಗಳು ಲೋಕದಲ್ಲಿ ಹಲವುಂಟು. ವಾಯುಮಂಡಲ ಅಂಥವುಗಳಲ್ಲೊಂದು. ಮುಂಗಾರನ್ನು ಪ್ರಯೋಗಶಾಲೆಗೆ ತರಲಾಗದು. ಬೀಸಿಹೋದ ಚಂಡಮಾರುತವನ್ನು ಮತ್ತೊಮ್ಮೆ ಬೀಸೆಂದು ಕೇಳಲಾಗದು. ಗಾಳಿಯ ಚಲನೆಯನ್ನು ಆಳುವ ನಿಯಮಗಳು ತಿಳಿದಿದ್ದರೂ, ಆ ನಿಯಮಗಳ ಸಮೀಕರಣಗಳನ್ನು ಕಾಗದದ ಮೇಲೆ ಪೂರ್ಣವಾಗಿ ಬಿಡಿಸುವ ಸೂತ್ರ ಯಾರಿಗೂ ದೊರೆತಿಲ್ಲ. ಇಂಥ ಸಂಕೀರ್ಣ ವ್ಯವಸ್ಥೆಗಳನ್ನು ಅರಿಯಲು ಇಪ್ಪತ್ತನೆಯ ಶತಮಾನವು ಕಂಡುಕೊಂಡ ಮೂರನೆಯ ಮಾರ್ಗವೇ ಗಣಕಯಂತ್ರದ ಮೂಲಕ ನಡೆಸುವ ಅನುಕರಣ. ವ್ಯವಸ್ಥೆಯ ನಿಯಮಗಳನ್ನು ಅಂಕಿಗಳ ರೂಪಕ್ಕಿಳಿಸಿ, ಯಂತ್ರದೊಳಗೆ ಅದರ ಪ್ರತಿರೂಪವೊಂದನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿ ನೋಡುವುದೇ ಇದರ ತಿರುಳು.

ಈ ವಿಧಾನದ ಬೀಜವು ಗಣಕಯಂತ್ರಕ್ಕಿಂತಲೂ ಹಳೆಯದೆಂಬುದು ಗಮನಾರ್ಹ. ನಾರ್ವೆಯ ವಿಜ್ಞಾನಿ ವಿಲ್ಹೆಲ್ಮ್ ಬ್ಯರ್ಕ್‌ನೆಸ್ ೧೯೦೪ರಲ್ಲಿ ಹವಾಮುನ್ಸೂಚನೆಯನ್ನು ಶುದ್ಧ ಭೌತವಿಜ್ಞಾನದ ಪ್ರಶ್ನೆಯಾಗಿ ನಿರೂಪಿಸಿದನು. ವಾಯುಮಂಡಲದ ಇಂದಿನ ಸ್ಥಿತಿ ಸಾಕಷ್ಟು ನಿಖರವಾಗಿ ತಿಳಿದಿರಬೇಕು. ಒಂದು ಸ್ಥಿತಿಯಿಂದ ಇನ್ನೊಂದು ಹುಟ್ಟುವ ನಿಯಮಗಳೂ ತಿಳಿದಿರಬೇಕು. ಇವೆರಡಿದ್ದರೆ ನಾಳಿನ ಸ್ಥಿತಿಯನ್ನು ಗಣಿಸಬಹುದೆಂಬುದು ಅವನ ವಾದ. ಈ ವಾದವನ್ನು ಕಾರ್ಯರೂಪಕ್ಕೆ ತರುವ ಸಾಹಸಕ್ಕಿಳಿದವನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್.

ರಿಚರ್ಡ್‌ಸನ್ ಅನುಸರಿಸಿದ ಕ್ರಮ ಸರಳವಾದುದು. ಭೂಪಟದ ಮೇಲೆ ಚದುರಂಗದ ಹಾಸಿನಂತೆ ಚೌಕಗಳನ್ನೆಳೆದು, ಪ್ರತಿಯೊಂದು ಚೌಕದ ಮೇಲಣ ಗಾಳಿಯನ್ನು ಐದು ಪದರಗಳಾಗಿ ವಿಂಗಡಿಸಿದನು. ಪ್ರತಿ ಕೋಶದ ಒತ್ತಡ, ಉಷ್ಣತೆ, ತೇವ, ಗಾಳಿಯ ವೇಗಗಳನ್ನು ಅಂಕಿಗಳಲ್ಲಿ ಬರೆದನು. ಒಂದು ಕೋಶದ ಸ್ಥಿತಿಯು ನೆರೆಯ ಕೋಶಗಳ ಸ್ಥಿತಿಯಿಂದ ಹೇಗೆ ಬದಲಾಗುವುದೆಂದು ಗಣಿಸುತ್ತ, ಕಾಲದಲ್ಲಿ ಒಂದೊಂದೇ ಹೆಜ್ಜೆ ಮುಂದೆ ಹೋಗುವುದು ಅವನ ಯೋಜನೆ. ನಿರಂತರವಾದ ಪ್ರಕೃತಿಯನ್ನು ಎಣಿಸಬಹುದಾದ ತುಂಡುಗಳಾಗಿ ಮಾಡುವ ಈ ಉಪಾಯವೇ ಇಂದಿಗೂ ಬಹುಪಾಲು ಅನುಕರಣಗಳ ಬುನಾದಿಯಾಗಿದೆ. ವಿಮಾನದ ರೆಕ್ಕೆಯ ಸುತ್ತ ಹರಿಯುವ ಗಾಳಿ, ಸೇತುವೆಯ ಮೇಲೆ ಬೀಳುವ ಭಾರ, ನದಿಯ ನೆರೆ ಇವೆಲ್ಲವನ್ನೂ ಎಂಜಿನಿಯರರು ಹೀಗೆಯೇ ಕೋಶಕೋಶವಾಗಿ ಲೆಕ್ಕಹಾಕುವರು.

ರಿಚರ್ಡ್‌ಸನ್ ಯುದ್ಧವಿರೋಧಿಯಾದ ಕ್ವೇಕರ್ ಪಂಥದವನು. ಮೊದಲನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯದೆ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನದ ಚಾಲಕನಾಗಿ ದುಡಿದನು. ಬಿಡುವಿನ ವೇಳೆಯಲ್ಲಿ, ೧೯೧೦ರ ಮೇ ೨೦ನೆಯ ದಿನದ ದಾಖಲೆಗಳನ್ನಿಟ್ಟುಕೊಂಡು, ಮಧ್ಯ ಯೂರೋಪಿನ ಒಂದು ಭಾಗದ ಆರು ಗಂಟೆಗಳ ಹವೆಯನ್ನು ಕೈಯಿಂದಲೇ ಗಣಿಸಿದನು. ೧೯೧೭ರಲ್ಲಿ ಹಸ್ತಪ್ರತಿ ಕಳೆದುಹೋಗಿ, ತಿಂಗಳುಗಳ ತರುವಾಯ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲಿನ ರಾಶಿಯಡಿ ದೊರೆಯಿತು. ೧೯೨೨ರಲ್ಲಿ ಅದು ಗ್ರಂಥವಾಗಿ ಹೊರಬಂದಿತು.

ಫಲವೇನಾಯಿತು? ಆರು ಗಂಟೆಗಳಲ್ಲಿ ವಾಯುವಿನ ಒತ್ತಡ ೧೪೫ ಮಿಲಿಬಾರ್ ಏರುವುದೆಂದು ಲೆಕ್ಕ ಹೇಳಿತು. ವಾಸ್ತವವಾಗಿ ಅಂದು ಒತ್ತಡದಲ್ಲಿ ಹೆಚ್ಚಿನ ಬದಲಾವಣೆಯೇ ಆಗಿರಲಿಲ್ಲ! ರಿಚರ್ಡ್‌ಸನ್ ಈ ಸೋಲನ್ನು ಮುಚ್ಚಿಡದೆ ಗ್ರಂಥದಲ್ಲಿಯೇ ವಿವರವಾಗಿ ಅಚ್ಚುಮಾಡಿಸಿದನು. ಆ ಪ್ರಾಮಾಣಿಕತೆ ವ್ಯರ್ಥವಾಗಲಿಲ್ಲ. ಅನೇಕ ದಶಕಗಳ ಅನಂತರ ಐರ್ಲೆಂಡಿನ ಪೀಟರ್ ಲಿಂಚ್ ಎಂಬ ವಿಜ್ಞಾನಿ ಅದೇ ಲೆಕ್ಕವನ್ನು ಗಣಕಯಂತ್ರದಲ್ಲಿ ಮತ್ತೆ ಮಾಡಿ ನೋಡಿದನು. ವಿಧಾನದಲ್ಲಿ ಮೂಲದೋಷವಿರಲಿಲ್ಲ, ಆರಂಭದ ಅಂಕಿಗಳಲ್ಲಿ ಒತ್ತಡಕ್ಕೂ ಗಾಳಿಯ ವೇಗಕ್ಕೂ ಇರಬೇಕಾದ ಹೊಂದಿಕೆ ಇರಲಿಲ್ಲ. ಆ ಅಂಕಿಗಳನ್ನು ಹದಗೊಳಿಸಿದೊಡನೆ ಒತ್ತಡದ ಬದಲಾವಣೆ ಒಂದು ಮಿಲಿಬಾರಿಗೂ ಕಡಿಮೆಯೆಂದು ಬಂದಿತು. ನಿಯಮ ಸರಿಯಿದ್ದ ಮಾತ್ರಕ್ಕೆ ಫಲ ಸರಿಯಾಗದು. ಹೊರಡುವ ನೆಲೆಯೂ ಸರಿಯಾಗಿರಬೇಕೆಂಬುದು ಇದರಿಂದ ಸಿದ್ಧವಾಯಿತು.

ಎರಡನೆಯ ತೊಡಕು ಶ್ರಮದ್ದು. ಲೋಕದ ಹವೆಯೊಡನೆ ಹೆಜ್ಜೆಹಾಕಲು ೬೪,೦೦೦ ಮಂದಿ ಗಣಕರು ಏಕಕಾಲದಲ್ಲಿ ಲೆಕ್ಕಮಾಡಬೇಕಾದೀತೆಂದು ರಿಚರ್ಡ್‌ಸನ್ ಅಂದಾಜು ಮಾಡಿದ್ದನು. ಚೌಕಗಳನ್ನು ಕಿರಿದುಮಾಡಿದಷ್ಟೂ ಚಿತ್ರ ಸ್ಪಷ್ಟವಾಗುವುದು ನಿಜ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಚೌಕದ ಉದ್ದಗಲಗಳನ್ನು ಅರ್ಧಕ್ಕಿಳಿಸಿದರೆ ಚೌಕಗಳ ಸಂಖ್ಯೆ ನಾಲ್ಕುಪಟ್ಟಾಗುತ್ತದೆ. ಕಾಲದ ಹೆಜ್ಜೆಯನ್ನೂ ಅದಕ್ಕೆ ತಕ್ಕಂತೆ ಕಿರಿದುಮಾಡದಿದ್ದರೆ ಲೆಕ್ಕವೇ ಹದತಪ್ಪಿ ಹೋಗುವುದೆಂದು ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಗಣಿತಜ್ಞರು ೧೯೨೮ರಲ್ಲಿ ತೋರಿಸಿದರು. ಆದ್ದರಿಂದ ಹೆಜ್ಜೆಗಳೂ ಇಮ್ಮಡಿಯಾಗಿ ಒಟ್ಟು ಕೆಲಸ ಎಂಟುಪಟ್ಟಾಗುತ್ತದೆ. ಮನುಷ್ಯನ ಕೈಗೆ ಇದು ಎಟುಕುವಂಥದಲ್ಲ.

ಅದನ್ನು ಎಟುಕಿಸಿದ್ದು ವಿದ್ಯುನ್ಮಾನ ಗಣಕಯಂತ್ರ. ೧೯೫೦ರಲ್ಲಿ ಜೂಲ್ ಚಾರ್ನಿ, ರಾಗ್ನರ್ ಫ್ಯೋರ್ಟಾಫ್ಟ್, ಜಾನ್ ಫಾನ್ ನಾಯ್‌ಮನ್ ಇವರು ಅಮೆರಿಕದ ಎನಿಯಾಕ್ ಯಂತ್ರದಲ್ಲಿ ಮೊದಲ ಮುನ್ಸೂಚನೆಗಳನ್ನು ಗಣಿಸಿದರು. ಇಪ್ಪತ್ತನಾಲ್ಕು ಗಂಟೆಗಳ ಹವೆಯನ್ನು ಗಣಿಸಲು ಹೆಚ್ಚುಕಡಿಮೆ ಇಪ್ಪತ್ತನಾಲ್ಕು ಗಂಟೆಗಳೇ ಹಿಡಿದವು. ಆದರೂ ಯಂತ್ರವು ಪ್ರಕೃತಿಯ ವೇಗವನ್ನು ಸರಿಗಟ್ಟಿತ್ತು. ಇನ್ನು ಅದನ್ನು ಮೀರುವುದಷ್ಟೇ ಉಳಿದಿತ್ತು. ೧೯೫೩ರಲ್ಲಿ ತೀರಿಕೊಂಡ ರಿಚರ್ಡ್‌ಸನ್ ಈ ಗೆಲುವಿನ ಸುದ್ದಿಯನ್ನು ಕೇಳಿ ಸಂತೋಷಪಟ್ಟನು.

ಯಂತ್ರಗಳು ಬಲಿಷ್ಠವಾದಂತೆ ಎಷ್ಟು ದಿನಗಳ ಭವಿಷ್ಯವನ್ನಾದರೂ ಗಣಿಸಬಹುದೆಂಬ ನಂಬಿಕೆ ಬೆಳೆಯುವುದು ಸಹಜವೇ. ಈ ನಂಬಿಕೆಗೆ ಪೆಟ್ಟುಕೊಟ್ಟದ್ದು ಅನುಕರಣವೇ ಎಂಬುದು ವಿಶೇಷ. ಅಮೆರಿಕದ ಎಡ್ವರ್ಡ್ ಲೊರೆಂಜ್ ೧೯೬೧ರಲ್ಲಿ ಹನ್ನೆರಡು ಸಮೀಕರಣಗಳ ಪುಟ್ಟ ಹವಾಮಾದರಿಯೊಂದನ್ನು ಯಂತ್ರದಲ್ಲಿ ನಡೆಸುತ್ತಿದ್ದನು. ಹಿಂದಿನ ಲೆಕ್ಕವನ್ನು ನಡುವಿನಿಂದ ಪುನಃ ಆರಂಭಿಸಲು, ಅಚ್ಚಾಗಿ ಬಂದಿದ್ದ ಅಂಕಿಗಳನ್ನು ಯಂತ್ರಕ್ಕೆ ಕೊಟ್ಟನು. ಯಂತ್ರದೊಳಗೆ ೦.೫೦೬೧೨೭ ಎಂದಿದ್ದ ಸಂಖ್ಯೆ ಕಾಗದದಲ್ಲಿ ೦.೫೦೬ ಎಂದಷ್ಟೇ ಅಚ್ಚಾಗಿತ್ತು. ಆರಂಭದಲ್ಲಿ ಎರಡು ಲೆಕ್ಕಗಳೂ ಜೊತೆಯಾಗಿ ಸಾಗಿದವು. ಬರಬರುತ್ತ ದೂರವಾಗಿ, ಕೊನೆಗೆ ಒಂದಕ್ಕೊಂದು ಹೋಲಿಕೆಯೇ ಉಳಿಯಲಿಲ್ಲ. ಈ ಬಗೆಯ ವರ್ತನೆಯ ಗಣಿತವನ್ನು ಲೊರೆಂಜ್ ೧೯೬೩ರಲ್ಲಿ ಪ್ರಕಟಿಸಿದನು. ನಿಯಮವು ಎಷ್ಟೇ ಖಚಿತವಾಗಿರಲಿ, ಆರಂಭದ ಅಳತೆಯಲ್ಲಿ ಉಳಿದ ಅಣುಮಾತ್ರದ ತಪ್ಪು ಬೆಳೆಬೆಳೆದು ಇಡೀ ಚಿತ್ರವನ್ನೇ ಬದಲಿಸುವುದು. ವಾಯುಮಂಡಲವನ್ನು ತಪ್ಪಿಲ್ಲದೆ ಅಳೆಯುವುದು ಯಾರಿಂದಲೂ ಆಗದ ಕಾರಣ, ದಿನದಿನದ ಹವೆಯನ್ನು ಸುಮಾರು ಎರಡು ವಾರಗಳಿಂದಾಚೆಗೆ ಹೇಳಲಾಗದೆಂಬ ಮಿತಿಯನ್ನು ವಿಜ್ಞಾನಿಗಳು ಇಂದು ಒಪ್ಪಿದ್ದಾರೆ.

ಮಿತಿಯನ್ನು ಅರಿತುದರಿಂದ ವಿಧಾನ ಕುಗ್ಗಲಿಲ್ಲ; ಹದಗೊಂಡಿತು. ೧೯೯೨ರಿಂದ ಯೂರೋಪು ಅಮೆರಿಕಗಳ ಮುನ್ಸೂಚನಾ ಕೇಂದ್ರಗಳು ಒಂದೇ ಲೆಕ್ಕಕ್ಕೆ ಬದಲಾಗಿ, ಆರಂಭದ ಅಂಕಿಗಳನ್ನು ಕಿಂಚಿತ್ತು ಬದಲಿಸುತ್ತ ಹಲವಾರು ಲೆಕ್ಕಗಳನ್ನು ನಡೆಸುವ ಪದ್ಧತಿಯನ್ನು ರೂಢಿಗೆ ತಂದವು. ಅವೆಲ್ಲವೂ ಒಂದೇ ಮಾತು ಹೇಳಿದರೆ ಭರವಸೆ ಹೆಚ್ಚು, ಚೆದರಿದರೆ ಕಡಿಮೆ. ಹೀಗೆ ಅನುಕರಣವು ತನ್ನ ಅಜ್ಞಾನದ ಪ್ರಮಾಣವನ್ನೂ ತಾನೇ ಅಳೆಯಲು ಕಲಿಯಿತು. ಇನ್ನೊಂದು ದಾರಿಯನ್ನು ಚಾರ್ನಿಯೂ ಭಾರತದಲ್ಲಿ ಜನಿಸಿದ ಜಗದೀಶ್ ಶುಕ್ಲರೂ ೧೯೮೧ರಲ್ಲಿ ತೋರಿಸಿದರು. ಉಷ್ಣವಲಯದ ಋತುಮಾನವನ್ನು ಬಹುಮಟ್ಟಿಗೆ ನಿಯಂತ್ರಿಸುವುದು ನಿಧಾನವಾಗಿ ಬದಲಾಗುವ ಸಮುದ್ರದ ಉಷ್ಣತೆ. ಆದ್ದರಿಂದ ಇಂಥ ದಿನ ಮಳೆ ಬರುವುದೆಂದು ಮೊದಲೇ ಹೇಳಲಾಗದಿದ್ದರೂ, ಇಡೀ ಮುಂಗಾರು ಹೇಗಿದ್ದೀತೆಂದು ಅಂದಾಜು ಮಾಡಲು ಅವಕಾಶವುಂಟು.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ೧೯೮೬ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಗಣಕಯಂತ್ರ ಸಿದ್ಧವಾಯಿತು. ಒಂದೇ ಲೆಕ್ಕವನ್ನು ಹಲವು ಯಂತ್ರಾಂಗಗಳಿಗೆ ಹಂಚಿ ಏಕಕಾಲದಲ್ಲಿ ಮಾಡಿಸುವ ಇಂಥ ಯಂತ್ರಗಳಲ್ಲಿ ಇದು ಭಾರತದಲ್ಲಿ ಮೊದಲನೆಯದು. ಹೆಸರೇ ಹೇಳುವಂತೆ ಅದರ ಉದ್ದೇಶ ದ್ರವ ಮತ್ತು ಅನಿಲಗಳ ಹರಿವಿನ ಸಮೀಕರಣಗಳನ್ನು ಬಿಡಿಸುವುದು. ವಿಮಾನದ ರೆಕ್ಕೆಗಾಗಿ ಹುಟ್ಟಿದ ಈ ವಿದ್ಯೆ ಮುಂದೆ ಮುಂಗಾರಿನ ಲೆಕ್ಕಕ್ಕೂ ಒದಗಿತು. ೧೯೮೮ರಲ್ಲಿ ಕೇಂದ್ರ ಸರ್ಕಾರವು ಮಧ್ಯಮಾವಧಿ ಹವಾಮುನ್ಸೂಚನೆಗೆಂದೇ ರಾಷ್ಟ್ರೀಯ ಕೇಂದ್ರವೊಂದನ್ನು ಸ್ಥಾಪಿಸಿತು. ೨೦೨೫ರಲ್ಲಿ ಬಳಕೆಗೆ ಬಂದ ಭಾರತದ ಹೊಸ ಮಾದರಿಯು ಆರು ಕಿಲೋಮೀಟರಿನ ಚೌಕಗಳಲ್ಲಿ ಹವೆಯನ್ನು ಗಣಿಸುತ್ತದೆ.

ಆದರೂ ಒಂದು ಮಳೆಮೋಡ ಆ ಚೌಕಕ್ಕಿಂತ ಕಿರಿದಾಗಿರಬಹುದು. ಅಂಥದನ್ನು ಮಾದರಿಯು ನೇರವಾಗಿ ಕಾಣಲಾರದು; ಸರಾಸರಿಯ ಸೂತ್ರದಿಂದ ಅದರ ಪರಿಣಾಮವನ್ನು ಊಹಿಸಿಕೊಳ್ಳಬೇಕಾಗುತ್ತದೆ. ಪ್ರತಿಯೊಂದು ಮಾದರಿಯಲ್ಲಿಯೂ ಇಂಥ ಊಹೆಗಳು ಸೇರಿರುತ್ತವೆ. ಆದುದರಿಂದಲೇ ಮಾದರಿಯ ಮಾತನ್ನು ಪ್ರಕೃತಿಯ ಮುಂದಿಟ್ಟು ಮತ್ತೆ ಮತ್ತೆ ಒರೆಹಚ್ಚಬೇಕು. ಹವೆಯ ಮಾದರಿಗಾದರೋ ಈ ಪರೀಕ್ಷೆ ದಿನವೂ ತಪ್ಪದೆ ನಡೆಯುತ್ತದೆ. ಇಂದು ಹೇಳಿದ್ದು ನಾಳೆಯೇ ತಿಳಿಯುವುದು.

ಈ ಶ್ರಮದ ಫಲ ಅಂಕಿಗಳಲ್ಲಿಯೇ ಮುಗಿಯುವಂಥದಲ್ಲ. ೧೯೯೯ರ ಅಕ್ಟೋಬರಿನಲ್ಲಿ ಒಡಿಶಾದ ಕರಾವಳಿಗೆ ಬಡಿದ ಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನರು ಬಲಿಯಾದರು. ೨೦೧೩ರ ಅಕ್ಟೋಬರಿನಲ್ಲಿ ಅದೇ ಕರಾವಳಿಗೆ ಫೈಲಿನ್ ಎಂಬ ಪ್ರಬಲ ಚಂಡಮಾರುತ ಬಂದಾಗ, ದಿನಗಳ ಮೊದಲೇ ದೊರೆತ ಸೂಚನೆಯಿಂದ ಸುಮಾರು ಹತ್ತು ಲಕ್ಷ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು; ಸತ್ತವರ ಸಂಖ್ಯೆ ಕೆಲವು ಹತ್ತುಗಳನ್ನು ಮೀರಲಿಲ್ಲ. ಆಶ್ರಯಕಟ್ಟಡಗಳನ್ನು ಕಟ್ಟಿದವರ, ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿದವರ ದುಡಿಮೆಯಿಲ್ಲದಿದ್ದರೆ ಆ ಸೂಚನೆ ಕಾಗದದ ಮೇಲೆಯೇ ಉಳಿಯುತ್ತಿತ್ತು. ಆದರೆ ಆ ದುಡಿಮೆಗೆ ಬೇಕಾದ ಕಾಲಾವಕಾಶವನ್ನು ದೊರಕಿಸಿಕೊಟ್ಟದ್ದು, ಗಾಯಾಳುಗಳ ನಡುವೆ ಕುಳಿತು ಒಬ್ಬನು ಆರಂಭಿಸಿ ಸೋತ ಆ ಲೆಕ್ಕವೇ.