‘ಬೇಜಾರು’ ಎಂದರೆ ಬೋರು ಅಲ್ಲ

ಭಾನುವಾರದ ವಿಡಿಯೊ ಕರೆಯಲ್ಲಿ ಮಗಳು ‘ಎಲ್ಲಾ ಚೆನ್ನಾಗಿದೆ ಅಮ್ಮ’ ಅನ್ನುತ್ತಾಳೆ. ಹಿಂದೆ ಅಳಿಯ ಸುಳಿದ ಕೂಡಲೇ ಮಾತು ಚಳಿ, ಹಿಮದ ಕಡೆ ಹೊರಳುತ್ತದೆ. ನಾವೂ ಕೇಳಿ ಸುಮ್ಮನಾಗುತ್ತೇವೆ. ಎಚ್-4 ವೀಸಾದಲ್ಲಿ ಅಮೆರಿಕಕ್ಕೆ ಹೋದವಳ ನೆಲೆ ನಿಂತಿರುವುದು ಗಂಡನ ಎಚ್-1ಬಿ ಮೇಲೆ. ‘ಊರಿಗೆ ಕಳಿಸಿಬಿಡ್ತೀನಿ’ ಎಂಬ ಒಂದು ಮಾತು ಸಾಕು, ಅವಳ ಬಾಯಿ ಕಟ್ಟಲು.

ಅಲ್ಲಿನ ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲದಿಲ್ಲ. ಗಂಡ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದವನಾಗಿದ್ದರೆ, ‘ವಾವಾ’ ಎಂದು ಕರೆಯುವ 1994ರ ಕಾಯ್ದೆಯಡಿ ಅವನ ಸಹಿ ಇಲ್ಲದೆ ಹೆಂಡತಿಯೇ ಅರ್ಜಿ ಹಾಕಬಹುದು. ಅಮೆರಿಕದ ಪ್ರಜೆಯಾದ, 21 ದಾಟಿದ ಮಗನಿಂದ ಹಿಂಸೆ ಅನುಭವಿಸುವ ತಂದೆತಾಯಿಗೂ ಈ ಹಕ್ಕಿದೆ. ಗಂಡ ಎಚ್-1ಬಿಯಲ್ಲಿದ್ದರೆ ‘ವಾವಾ’ ಸಿಗದು. ಆಗ ಅಪರಾಧಕ್ಕೆ ಗುರಿಯಾಗಿ ತನಿಖೆಗೆ ನೆರವಾದವರಿಗೆ ಕೊಡುವ ಯು ವೀಸಾ ಕೇಳಬಹುದು. ವರ್ಷಕ್ಕೆ 10,000 ಮಾತ್ರ ಇರುವುದರಿಂದ ಕಾಯುವುದು ವರ್ಷಗಟ್ಟಲೆ.

ಏಟಿನ ಗುರುತಿಗೆ ಫೋಟೊ ಇರುತ್ತದೆ. ಪಾಸ್‌ಪೋರ್ಟ್ ಬಚ್ಚಿಟ್ಟದ್ದಕ್ಕೆ, ತರಕಾರಿಗೂ ಲೆಕ್ಕ ಕೇಳಿದ್ದಕ್ಕೆ, ತಿಂಗಳುಗಟ್ಟಲೆ ಮಾತು ಬಿಟ್ಟದ್ದಕ್ಕೆ ಏನಿದೆ? ಮನಃಶಾಸ್ತ್ರಜ್ಞರ ವರದಿ ಕಡತ ಸೇರುವುದು ಇಲ್ಲಿಯೇ. ವಕೀಲರ ಸಲಹೆಯಂತೆ ಅವರು ಒಂದೆರಡು ಬಾರಿ ಕೂತು ಮಾತನಾಡುತ್ತಾರೆ. ನಿದ್ದೆ, ಊಟ, ಬೆಚ್ಚಿಬೀಳುವುದು, ಸಾಯುವ ಯೋಚನೆ, ಎಲ್ಲ ಕೇಳುತ್ತಾರೆ. ಪ್ರಶ್ನಾವಳಿಯೂ ಉಂಟು. ಖಿನ್ನತೆ ಅಳೆಯುವ ಒಂದರಲ್ಲಿ ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ. ವರದಿ ಬಂದ ಮಾತ್ರಕ್ಕೆ ವೀಸಾ ಬರುವುದಿಲ್ಲ. ಅವಳ ಹೇಳಿಕೆಗೆ ಅದು ಬಲ ಕೊಡುತ್ತದೆ, ಅಷ್ಟೆ. ಯಾರೋ ಹೇಳಿಕೊಟ್ಟಂತೆ ಉತ್ಪ್ರೇಕ್ಷೆ ಮಾಡಿದರೆ ಹೇಳಿಕೆಗೂ ವರದಿಗೂ ತಾಳೆಯಾಗದೆ ಇಡೀ ಅರ್ಜಿಯೇ ಅನುಮಾನಕ್ಕೆ ಬೀಳಬಹುದು.

ಭಾಷೆಯ ತೊಡಕು ಸಣ್ಣದಲ್ಲ. ನಮ್ಮ ಹೆಣ್ಣುಮಕ್ಕಳು ‘ನನಗೆ ಖಿನ್ನತೆ’ ಅನ್ನುವುದಿಲ್ಲ. ತಲೆ ಭಾರ, ಎದೆ ಉರಿ, ಊಟ ಸೇರಲ್ಲ, ಜೀವನವೇ ಬೇಜಾರು ಅನ್ನುತ್ತಾರೆ. ಈ ‘ಬೇಜಾರ’ನ್ನು ದುಭಾಷಿ ‘ಬೋರು’ ಎಂದು ಇಂಗ್ಲಿಷಿಗೆ ದಾಟಿಸಿದರೆ ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಬಂದರೂ ನೋವಿನ ಮಾತಿಗೆ ಕನ್ನಡ ದುಭಾಷಿ ಬೇಕೆಂದು ಕೇಳುವುದರಲ್ಲಿ ಸಂಕೋಚ ಬೇಡ. ಪರಿಚಯದ ‘ಅಂಕಲ್’, ಗಂಡನ ಗೆಳೆಯರು ಮಾತ್ರ ಆ ಕುರ್ಚಿಯಲ್ಲಿ ಕೂರಬಾರದು.

‘ಹುಚ್ಚಿ ಅಂತ ಬರೆದುಬಿಟ್ಟರೆ?’ ಎಂಬ ಭಯ ಊರಿನಲ್ಲಿರುವ ನಮ್ಮದೇ ಹೆಚ್ಚು. ಇದು ಗ್ರೀನ್ ಕಾರ್ಡಿಗೆ ಮಾಡುವ ವೈದ್ಯಕೀಯ ತಪಾಸಣೆಯಲ್ಲ. ಆ ತಪಾಸಣೆಯಲ್ಲೂ ಖಿನ್ನತೆ ಇದೆ ಎಂಬುದೊಂದೇ ಕಾರಣಕ್ಕೆ ಯಾರನ್ನೂ ಅನರ್ಹಗೊಳಿಸುವುದಿಲ್ಲ. ತನಗೋ ಇತರರಿಗೋ ಅಪಾಯ ತರುವ ನಡವಳಿಕೆ ಇದೆಯೇ ಎಂದು ನೋಡುತ್ತಾರೆ. ‘ವಾವಾ’, ಯು ವೀಸಾ ಅರ್ಜಿಗಳ ಸುದ್ದಿಯನ್ನು ವಲಸೆ ಅಧಿಕಾರಿಗಳು ಗಂಡನಿಗೆ ತಿಳಿಸುವಂತೆಯೂ ಇಲ್ಲ. ಬೀಗರಿಗೆ ಬಾಯಿ ಬಿಡದಿದ್ದರೆ ಸಾಕು.

ವಕೀಲರಿಗೆ, ವರದಿಗೆ ಖರ್ಚಿದೆ. ನ್ಯೂಜೆರ್ಸಿಯಲ್ಲಿ 1985ರಿಂದ ಇರುವ ‘ಮಾನವಿ’, ಕ್ಯಾಲಿಫೋರ್ನಿಯಾದ ‘ನಾರಿಕಾ’ ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಹುಟ್ಟಿದ ಸಂಸ್ಥೆಗಳು. ಮೊದಲ ಕರೆ ಅಲ್ಲಿಗೆ ಮಾಡಲು ಹೇಳಿ.

ಇನ್ನು ಇಲ್ಲಿ ಕೂತು ಮಾಡುವ ಕೆಲಸ. ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ನಾವು ಎಷ್ಟು ಸಲ ಹೇಳಿದ್ದೇವೋ! ಅವಳು ಅಳುತ್ತಾ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಧ್ವನಿಮುದ್ರಣಗಳನ್ನು ಅಳಿಸಬೇಡಿ, ತಾರೀಖಿನ ಸಮೇತ ಇಟ್ಟುಕೊಳ್ಳಿ. ಕಂಡದ್ದು, ಕೇಳಿದ್ದನ್ನು ಅಪ್ಪ-ಅಮ್ಮ ಅಫಿಡವಿಟ್ ಮಾಡಿಕೊಡಬಹುದು. ‘ವಾವಾ’ ಅರ್ಜಿಯಲ್ಲಿ ಮದುವೆ ನಿಜವಾದದ್ದೆಂದೂ ತೋರಿಸಬೇಕು. ಅದಕ್ಕೆ ಬೇಕಾದ ಲಗ್ನಪತ್ರಿಕೆ, ಆಲ್ಬಮ್, ಮದುವೆ ನೋಂದಣಿ ಪತ್ರ ನಮ್ಮ ಮನೆಯ ಬೀರುವಿನಲ್ಲೇ ಇರುತ್ತವೆ. ಇವತ್ತೇ ಸ್ಕ್ಯಾನ್ ಮಾಡಿಸಿಡಿ. ಅವಳ ಫೋನನ್ನು ಅವನೂ ನೋಡುತ್ತಿರಬಹುದು, ಕಳಿಸುವ ಮುನ್ನ ಯಾವ ವಿಳಾಸಕ್ಕೆ ಎಂದು ಅವಳನ್ನೇ ಕೇಳಿ.