ಸೊನ್ನೆ ಸೆಕೆಂಡಿನಲ್ಲಿ ಸರ್ಕ್ಯೂಟ್ ಹೇಗಿತ್ತು?

ಮಳೆಗಾಲ ಬಂತೆಂದರೆ ಶ್ರೀರಂಗಪಟ್ಟಣ, ಪಾಂಡವಪುರದ ರೈತರು ಕನ್ನಂಬಾಡಿ ಕಟ್ಟೆಯ ಒಳಹರಿವು, ಹೊರಹರಿವನ್ನು ಪತ್ರಿಕೆಯಲ್ಲಿ ಹುಡುಕಿ ನೋಡುತ್ತಾರೆ. ಆ ಎರಡು ಅಂಕಿಗಳಿಂದಲೇ ಕಟ್ಟೆ ಎಂದು ತುಂಬೀತೆಂದು ಹೇಳಲಾಗದು. ಗರಿಷ್ಠ ಮಟ್ಟ 124.80 ಅಡಿ. ಇವತ್ತು ನೀರು 80 ಅಡಿಯಲ್ಲಿದೆಯೋ 120 ಅಡಿಯಲ್ಲಿದೆಯೋ ಗೊತ್ತಾದರೆ ಮಾತ್ರ ಲೆಕ್ಕ ಮುಂದೆ ಸಾಗುತ್ತದೆ. ಸರ್ಕ್ಯೂಟಿನಲ್ಲಿ ಕೆಪಾಸಿಟರ್ ಇಂಥದೇ ಕಟ್ಟೆ. ಹರಿದು ಬಂದ ಕರೆಂಟು ಅದರ ವೋಲ್ಟೇಜನ್ನು ಎಷ್ಟು ಏರಿಸುತ್ತದೆ ಎಂಬುದನ್ನು ಸಮೀಕರಣ ಹೇಳುತ್ತದೆ. ಎಲ್ಲಿಂದ ಏರಿಸುತ್ತದೆ ಎಂಬುದನ್ನು ನಾವು ಹೇಳಬೇಕು. ಅದೇ ಆರಂಭಿಕ ಸ್ಥಿತಿ.

5 ವೋಲ್ಟಿನ ಮೂಲಕ್ಕೆ 10 ಕಿಲೋ ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿ. ಬರಿದಾಗಿದ್ದ ಕೆಪಾಸಿಟರ್ ಒಂದು ಸೆಕೆಂಡಿಗೆ ಸುಮಾರು 3.16 ವೋಲ್ಟ್ ಮುಟ್ಟುತ್ತದೆ. ಮೊದಲೇ 2 ವೋಲ್ಟ್ ಇದ್ದರೆ ಅಷ್ಟೇ ಹೊತ್ತಿಗೆ 3.90 ವೋಲ್ಟ್. ಬಿಡಿಭಾಗಗಳು ಅವೇ, ಉತ್ತರ ಬೇರೆ. ಇಂಡಕ್ಟರ್‌ನಲ್ಲಿ ವೋಲ್ಟೇಜಿನ ಬದಲು ಕರೆಂಟು ಹಿಂದಿನ ಸ್ಥಿತಿಯ ನೆನಪನ್ನು ಹೊತ್ತಿರುತ್ತದೆ.

ಇಂಥ ಲೆಕ್ಕಗಳನ್ನು ಕಂಪ್ಯೂಟರಿಗೆ ಒಪ್ಪಿಸುವ ಸ್ಪೈಸ್ ಎಂಬ ತಂತ್ರಾಂಶವು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಡೊನಾಲ್ಡ್ ಪೆಡರ್ಸನ್ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ಬರೆದ ಅದು 1973ರಲ್ಲಿ ಹೊರಬಂತು. ಅದೇ ವಂಶದ ಎನ್‌ಜಿಸ್ಪೈಸ್ ಇಂದು ಉಚಿತವಾಗಿ ಸಿಗುತ್ತದೆ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆದಿಚುಂಚನಗಿರಿಯ ಬುಡದಲ್ಲಿ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ, ಎಂಜಿನಿಯರಿಂಗ್ ಕಾಲೇಜಿದೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಓದುವ ಹುಡುಗಿಗೆ ಲ್ಯಾಬಿನ ಬಾಗಿಲು ಮುಚ್ಚಿದ ಮೇಲೂ ಮನೆಯಲ್ಲಿ ಕೂತು ಸರ್ಕ್ಯೂಟ್ ಪರೀಕ್ಷಿಸಲು ಅಡ್ಡಿಯಿಲ್ಲ.

ಅವಳು ಮೇಲಿನ ಸರ್ಕ್ಯೂಟನ್ನೇ ಬರೆದು, 5 ವೋಲ್ಟಿನ ಡಿಸಿ ಮೂಲ ಕೊಟ್ಟು ಓಡಿಸಿದಳೆನ್ನಿ. ಏರುವ ಗೆರೆ ಬರಬೇಕಿತ್ತು. ತೆರೆಯ ಮೇಲೆ ಬರುವುದು 5 ವೋಲ್ಟಿನಲ್ಲಿ ಅಡ್ಡಕ್ಕೆ ಮಲಗಿದ ಗೆರೆ! ತಂತ್ರಾಂಶ ಕೆಟ್ಟಿಲ್ಲ. ಸಮಯ ಆರಂಭವಾಗುವ ಮುಂಚೆ ಅದು ಸರ್ಕ್ಯೂಟಿನ ನೆಲೆನಿಂತ ಸ್ಥಿತಿಯನ್ನು ಹುಡುಕಿಕೊಳ್ಳುತ್ತದೆ. ಕೆಪಾಸಿಟರನ್ನು ಕಡಿದ ತಂತಿಯೆಂದೂ ಇಂಡಕ್ಟರನ್ನು ನೇರ ತಂತಿಯೆಂದೂ ಭಾವಿಸಿ, ನ್ಯೂಟನ್-ರಾಫ್ಸನ್ ವಿಧಾನದಲ್ಲಿ ಊಹೆಯನ್ನು ತಿದ್ದುತ್ತಾ ಹೋಗುತ್ತದೆ. ಮೂಲವು ಅನಾದಿ ಕಾಲದಿಂದ 5 ವೋಲ್ಟ್ ಕೊಡುತ್ತಿತ್ತೆಂದು ಅದರ ಎಣಿಕೆ. ಹಾಗಿದ್ದರೆ ಕೆಪಾಸಿಟರ್ ತುಂಬಿರಲೇಬೇಕಲ್ಲ! ಏನೂ ಹೇಳದಿದ್ದರೆ ಎಲ್ಲವೂ ಸೊನ್ನೆಯಿಂದ ಶುರುವಾಗುತ್ತದೆ ಎಂಬ ನಂಬಿಕೆ ಕಲಿಯುವವರಲ್ಲಿ ಬಹಳ. ಮೊದಲು ಬಿಡಬೇಕಾದದ್ದು ಅದನ್ನು.

ನಮ್ಮ ಇಚ್ಛೆ ತಿಳಿಸಲು ಮೂರು ದಾರಿಗಳಿವೆ. ಒಂದು ನೋಡ್‌ಗೆ, ಅಂದರೆ ಬಿಡಿಭಾಗಗಳು ಕೂಡುವ ಬಿಂದುವಿಗೆ, ಐಸಿ ಎಂಬ ಆಜ್ಞೆ ಕೊಟ್ಟರೆ, ನೆಲೆನಿಂತ ಸ್ಥಿತಿಯನ್ನು ಹುಡುಕುವಾಗ ಆ ನೋಡ್ ನಾವು ಹೇಳಿದ ವೋಲ್ಟೇಜಿಗೆ ಕಟ್ಟುಬಿದ್ದಿರುತ್ತದೆ. ಉಳಿದ ಸರ್ಕ್ಯೂಟ್ ಅದಕ್ಕೆ ಹೊಂದಿಕೊಳ್ಳುತ್ತದೆ, ಸಮಯ ಓಡತೊಡಗಿದೊಡನೆ ಕಟ್ಟು ಬಿಚ್ಚುತ್ತದೆ. ನೋಡ್‌ಸೆಟ್ ಇಷ್ಟು ಬಿಗಿಯಲ್ಲ, ಅದು ಬರಿಯ ಸುಳಿವು. ಹುಡುಕಾಟ ಎಲ್ಲಿಂದ ತೊಡಗಬೇಕೆಂದು ತೋರಿಸಿ ಸರಿಯುತ್ತದೆ, ಕೊನೆಯ ಉತ್ತರ ಸರ್ಕ್ಯೂಟಿನದೇ. ಮೂರನೆಯದು ಯುಐಸಿ. ಅದು ಹುಡುಕಾಟವನ್ನೇ ಬಿಟ್ಟು, ನಾವು ಕೊಟ್ಟ ಬೆಲೆಗಳಿಂದ ನೇರವಾಗಿ ಸಮಯವನ್ನು ಓಡಿಸುತ್ತದೆ. ಎನ್‌ಜಿಸ್ಪೈಸ್‌ನಲ್ಲಿ ಕೆಪಾಸಿಟರಿನ ಸಾಲಿನಲ್ಲೇ ಬರೆದ ಆರಂಭಿಕ ವೋಲ್ಟೇಜು ಲೆಕ್ಕಕ್ಕೆ ಬರುವುದು ಯುಐಸಿ ಇದ್ದಾಗ ಮಾತ್ರ. ಇದನ್ನು ಮರೆತು, ಬೆಲೆ ಬರೆದರೂ ಗೆರೆ ಬದಲಾಗದೆಂದು ತಲೆ ಕೆಡಿಸಿಕೊಳ್ಳುವವರು ಕಡಿಮೆಯಲ್ಲ.

ಈ ಆಜ್ಞೆಗಳ ನಿಜವಾದ ಬೆಲೆ ತಿಳಿಯುವುದು ಎರಡು ಟ್ರಾನ್ಸಿಸ್ಟರುಗಳ ಅಸ್ಟೇಬಲ್ ಮಲ್ಟಿವೈಬ್ರೇಟರಿನಲ್ಲಿ. ಎರಡು ಎಲ್‌ಇಡಿಗಳು ಸರದಿಯಂತೆ ಮಿನುಗುವ ಸರ್ಕ್ಯೂಟ್ ಅದು. ಬೋರ್ಡಿನ ಮೇಲೆ ಜೋಡಿಸಿದರೆ ತಾನಾಗಿ ಮಿನುಗುತ್ತದೆ, ಏಕೆಂದರೆ ಒಂದರಂತೆ ಇನ್ನೊಂದು ಟ್ರಾನ್ಸಿಸ್ಟರ್ ಇರುವುದಿಲ್ಲ, ಮೇಲಾಗಿ ಸದ್ದುಗದ್ದಲದ ಸಣ್ಣ ವೋಲ್ಟೇಜುಗಳು ಎಲ್ಲೆಡೆ ಇರುತ್ತವೆ. ಕಂಪ್ಯೂಟರಿನ ಒಳಗೆ ಎರಡೂ ಬದಿ ಕರಾರುವಾಕ್ಕಾಗಿ ಒಂದೇ. ಎರಡೂ ಟ್ರಾನ್ಸಿಸ್ಟರುಗಳು ಸಮವಾಗಿ ಕರೆಂಟು ಹರಿಸುವ ಸಮತೋಲ ಗಣಿತಕ್ಕೆ ಸರಿಯಾದ ಉತ್ತರವೇ. ತಂತ್ರಾಂಶ ಅಲ್ಲೇ ನಿಂತುಬಿಡಬಹುದು. ಒಂದು ಕಲೆಕ್ಟರಿಗೆ ಐಸಿ ಕೊಟ್ಟು ಸಮತೋಲ ಕೆಡಿಸಿದರೆ ಸಾಕು, ಆಂದೋಲನ ಹುಟ್ಟುತ್ತದೆ. ಮೆಮೊರಿಯಲ್ಲಿ ಬಳಸುವ ಲ್ಯಾಚ್‌ನದೂ ಇದೇ ಕಥೆ. ಅದಕ್ಕೆ ಮೂರು ಉತ್ತರಗಳಿವೆ, ಅವುಗಳಲ್ಲಿ ನಡುವಿನದು ನಿಜವಾದ ಚಿಪ್ಪಿನಲ್ಲಿ ನಿಲ್ಲುವಂಥದಲ್ಲ. ಬೇಕಾದ ಬದಿಗೆ ತಿರುಗಿಸಲು ನೋಡ್‌ಸೆಟ್ ಒಳ್ಳೆಯದು. ಎಸಿ ವಿಶ್ಲೇಷಣೆಗೂ ಅದರಿಂದ ಉಪಯೋಗವುಂಟು, ಏಕೆಂದರೆ ಎಸಿ ಲೆಕ್ಕ ನಿಂತಿರುವುದು ನೆಲೆನಿಂತ ಸ್ಥಿತಿಯ ಮೇಲೆ. ಎನ್‌ಜಿಸ್ಪೈಸ್‌ನಲ್ಲಿ ಐಸಿ ಇರುವುದು ಸಮಯದ ವಿಶ್ಲೇಷಣೆಗೆ.

ಹುಡುಕಾಟ ಉತ್ತರಕ್ಕೆ ಮುಟ್ಟದಿದ್ದಾಗ ಯುಐಸಿ ಹಾಕಿ ಪಾರಾಗುವ ರೂಢಿಯೊಂದಿದೆ. ನನಗದು ಒಪ್ಪಿಗೆಯಿಲ್ಲ. ಹೇಳದೆ ಬಿಟ್ಟ ನೋಡ್‌ಗಳು ಸೊನ್ನೆಯಿಂದ ಹೊರಡುತ್ತವೆ, ಒಂದಕ್ಕೊಂದು ಹೊಂದದ ಬೆಲೆಗಳು ಮೊದಲ ಕ್ಷಣದಲ್ಲಿ ಎಲ್ಲೂ ಇಲ್ಲದ ಕರೆಂಟಿನ ಮೊನೆಗಳನ್ನು ಎಬ್ಬಿಸುತ್ತವೆ. ಪವರ್ ಸಪ್ಲೈ ಆನ್ ಮಾಡಿದ ಗಳಿಗೆಯನ್ನೇ ನೋಡಬೇಕಿದ್ದರೆ ಮೂಲದ ವೋಲ್ಟೇಜನ್ನು ಸೊನ್ನೆಯಿಂದ ಏರಿಸಿ. ಆಗ ತಂತ್ರಾಂಶವೇ ಸರಿಯಾದ ಆರಂಭ ಹುಡುಕಿಕೊಳ್ಳುತ್ತದೆ. ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫಿನ ಪಕ್ಕದಲ್ಲಿ ಆರಂಭಿಕ ಬೆಲೆಗಳನ್ನೂ ಬಳಸಿದ ಆಜ್ಞೆಯನ್ನೂ ತಪ್ಪದೆ ಬರೆಯಿರಿ. ಅವಿಲ್ಲದ ಗ್ರಾಫನ್ನು ಇನ್ನೊಬ್ಬರು ಮತ್ತೆ ಪಡೆಯಲಾರರು.